ಲಾಲ್‌ಬಾಗ್ ಸಸ್ಯೋದ್ಯಾನ: ಸಂದರ್ಶಕರಿಗೆ ಹಾಗೂ ತೋಟಗಾರಿಕೆ ಕಲಿಯಬಯಸುವವರಿಗೆ ಮಾಹಿತಿ

ಪೀಠಿಕೆ
ಬೆಂಗಳೂರಿನ ಲಾಲ್‌ಬಾಗ್ ಕೇವಲ ವಿಹಾರತಾಣವಲ್ಲ. ಹೊರನಾಡಿನ ಸಸ್ಯಗಳನ್ನು ತಂದು, ಇಲ್ಲಿನ ಹವೆಗೆ ಒಗ್ಗಿಸಿ, ಬೆಳೆಸುವ ಕ್ರಮವನ್ನು ನಾಡಿಗೆ ಕಲಿಸುತ್ತ ಬಂದ ಉದ್ಯಾನವಾಗಿದೆ. ವಿರೂಪಾಪುರಗಡ್ಡೆ, ಆನೆಗೊಂದಿ ಸೇರಿದಂತೆ ಕೊಪ್ಪಳ ಜಿಲ್ಲೆಯ ರೈತ ಕುಟುಂಬಗಳ ಹಾಗೂ ವಿದ್ಯಾರ್ಥಿಗಳ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಇತಿಹಾಸ
1760ರಲ್ಲಿ ಹೈದರಾಲಿಯು ಈ ತೋಟಕ್ಕೆ ಅಡಿಪಾಯ ಹಾಕಿದನು. ಟಿಪ್ಪು ಸುಲ್ತಾನನು ಹೊರದೇಶಗಳಿಂದ ಸಸಿ ಮತ್ತು ಬೀಜಗಳನ್ನು ತರಿಸಿ ಇದನ್ನು ವಿಸ್ತರಿಸಿದನು. 1856ರಲ್ಲಿ ಇದು ಸರ್ಕಾರಿ ಸಸ್ಯೋದ್ಯಾನವಾಯಿತು. ಜಾನ್ ಕ್ಯಾಮರಾನ್ ಅವರ ಆಡಳಿತಾವಧಿಯಲ್ಲಿ, 1889ರಲ್ಲಿ, ಗಾಜಿನ ಮನೆಗೆ ಶಂಕುಸ್ಥಾಪನೆ ನೆರವೇರಿತು. ಇಂದು ಮನೆಮಾತಾಗಿರುವ ಸೀಮೆಬದನೆಯನ್ನು ಈ ಭಾಗಕ್ಕೆ ಪರಿಚಯಿಸಿದವರೂ ಅವರೇ. 1908ರಿಂದ 1932ರವರೆಗೆ ಜರ್ಮನಿಯ ಜಿ.ಹೆಚ್. ಕ್ರುಂಬಿಗಲ್, ಅನಂತರ ಹೆಚ್.ಸಿ. ಜವರಾಯ ಅವರು ಉದ್ಯಾನದ ಹೊಣೆ ಹೊತ್ತರು. ಡಾ. ಎಂ.ಹೆಚ್. ಮರಿಗೌಡ ಅವರು ತೋಟಗಾರಿಕೆ ಕ್ಷೇತ್ರಗಳನ್ನು ಹಾಗೂ ಸಸ್ಯಾಗಾರಗಳನ್ನು ಜಿಲ್ಲೆಗಳಿಗೆ ವಿಸ್ತರಿಸಿದರು.

ವೀಕ್ಷಣೆ
ಉದ್ಯಾನದ ವಿಸ್ತೀರ್ಣ ಸುಮಾರು 240 ಎಕರೆ. ಗಾಜಿನ ಮನೆ, ಕೆರೆ, ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯದಾದ ಬಂಡೆ ಹಾಗೂ ಅದರ ಮೇಲಿನ ಕೆಂಪೇಗೌಡ ಗೋಪುರ ಪ್ರಮುಖ ಸ್ಥಳಗಳು. ಮರಗಳಿಗೆ ಹಾಕಿರುವ ಹೆಸರಿನ ಫಲಕಗಳನ್ನು ಓದುತ್ತ ನಡೆದಲ್ಲಿ ಉದ್ಯಾನವೇ ಪಾಠಶಾಲೆಯಾಗುತ್ತದೆ. ಜನವರಿ ಮತ್ತು ಆಗಸ್ಟ್ ತಿಂಗಳ ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ಜನಸಂದಣಿ ಹೆಚ್ಚು. ಅಧ್ಯಯನಕ್ಕೆ ಬರುವವರಿಗೆ ಇತರೆ ದಿನಗಳ ಬೆಳಗಿನ ವೇಳೆ ಸೂಕ್ತ.

ತಲುಪುವ ಬಗೆ
ಕೊಪ್ಪಳ ಅಥವಾ ಹೊಸಪೇಟೆಯಿಂದ ಹಂಪಿ ಎಕ್ಸ್‌ಪ್ರೆಸ್ ರೈಲಿನಲ್ಲಿ ಬೆಂಗಳೂರು ತಲುಪಿ, ಮೆಜೆಸ್ಟಿಕ್‌ನಿಂದ ಹಸಿರು ಮಾರ್ಗದ ಮೆಟ್ರೋದಲ್ಲಿ ಲಾಲ್‌ಬಾಗ್ ನಿಲ್ದಾಣದಲ್ಲಿ ಇಳಿಯಬಹುದು. ಪ್ರವೇಶ ಶುಲ್ಕವನ್ನು ದ್ವಾರದಲ್ಲಿ ಪಾವತಿಸತಕ್ಕದ್ದು.

ಸೂಚನೆಗಳು
1. ಹೂವು, ಕಾಯಿ, ಬೀಜ ಅಥವಾ ಕಡ್ಡಿಯನ್ನು ಕೀಳಬಾರದು.
2. ಮರದ ತೊಗಟೆಯ ಮೇಲೆ ಹೆಸರು ಕೆತ್ತಬಾರದು. ಆ ಗಾಯದಿಂದ ರೋಗಾಣುಗಳು ಒಳಸೇರಿ ಮರಕ್ಕೆ ಹಾನಿಯಾಗುತ್ತದೆ.
3. ಪ್ಲಾಸ್ಟಿಕ್ ವಸ್ತುಗಳನ್ನು ಎಸೆಯಬಾರದು.

ತರಬೇತಿ
ತೋಟಗಾರಿಕೆ ಕಲಿಯಲು ನಮ್ಮ ಜಿಲ್ಲೆಯವರು ಬೆಂಗಳೂರಿಗೇ ಹೋಗಬೇಕೆಂದಿಲ್ಲ. ರೈತರ ಮಕ್ಕಳಿಗಾಗಿ ಇಲಾಖೆಯು ನಡೆಸುವ 10 ತಿಂಗಳ ತರಬೇತಿಯು ಮುನಿರಾಬಾದ್‌ನ ತೋಟಗಾರಿಕೆ ತರಬೇತಿ ಕೇಂದ್ರದಲ್ಲಿಯೂ ನಡೆದುಬಂದಿದೆ. ಎಸ್.ಎಸ್.ಎಲ್.ಸಿ. ತೇರ್ಗಡೆ ಹಾಗೂ ಕುಟುಂಬದ ಹೆಸರಿನಲ್ಲಿ ಜಮೀನು ಇರುವುದು ಮುಖ್ಯ ಅರ್ಹತೆಗಳು. ಅಂಕಪಟ್ಟಿ ಮತ್ತು ಪಹಣಿಯನ್ನು ಮೊದಲೇ ಸಿದ್ಧಪಡಿಸಿಕೊಂಡಲ್ಲಿ ಕೊನೆಯ ದಿನಾಂಕ ತಪ್ಪುವುದಿಲ್ಲ. ವಯೋಮಿತಿ ಮತ್ತಿತರ ಷರತ್ತುಗಳಿಗೆ ಆಯಾ ವರ್ಷದ ಪ್ರಕಟಣೆಯನ್ನು ನೋಡುವುದು ಅಥವಾ ತಾಲ್ಲೂಕಿನ ಹಿರಿಯ ಸಹಾಯಕ ತೋಟಗಾರಿಕೆ ನಿರ್ದೇಶಕರ ಕಛೇರಿಯನ್ನು ಸಂಪರ್ಕಿಸುವುದು.