ಕೇಳಿದ ವಾಕ್ಯದ ಅಚ್ಚು

ಅಂಗಡಿಗೆ ಫೋನು ಮಾಡಿ "ಎಷ್ಟು ಗಂಟೆಗೆ ಮುಚ್ಚುತ್ತೀರಿ?" ಎಂದು ಕೇಳುವುದನ್ನು ನಾವು ಸಂಶೋಧನೆ ಎನ್ನುವುದಿಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ ವಿಲ್ಲೆಮ್ ಲೆವೆಲ್ಟ್ ಮತ್ತು ಸ್ಟೆಫನಿ ಕೆಲ್ಟರ್ ಅದನ್ನೇ ಮಾಡಿ, ಫಲಿತಾಂಶವನ್ನು 1982ರಲ್ಲಿ ಪ್ರಕಟಿಸಿದರು. ಡಚ್ ಭಾಷೆಯಲ್ಲಿ ಈ ಪ್ರಶ್ನೆಯನ್ನು 'ಓಮ್' ಎಂಬ ಪುಟ್ಟ ಪದ ಸೇರಿಸಿಯೂ ಕೇಳಬಹುದು, ಬಿಟ್ಟೂ ಕೇಳಬಹುದು, ಅರ್ಥ ಒಂದೇ. ನಮ್ಮ 'ಗಂಟೆಗೆ' ಎನ್ನುವುದರಲ್ಲಿರುವ 'ಗೆ'ಯ ಕೆಲಸ ಅದರದ್ದು. ಸೇರಿಸಿ ಕೇಳಿದರೆ ಅಂಗಡಿಯವರು ಹೆಚ್ಚಾಗಿ ಸೇರಿಸಿ ಉತ್ತರಿಸಿದರು, ಬಿಟ್ಟು ಕೇಳಿದರೆ ಬಿಟ್ಟು. ವ್ಯಾಪಾರದ ಗಡಿಬಿಡಿಯಲ್ಲಿ ಯಾರು ವ್ಯಾಕರಣ ಯೋಚಿಸುತ್ತಾರೆ?

ಕೇಳಿದ ಪದವನ್ನೇ ತಿರುಗಿ ಹೇಳಿದರು, ಅಷ್ಟೇ ತಾನೇ ಎನ್ನಬಹುದು. 1986ರಲ್ಲಿ ಅಮೆರಿಕದ ಕ್ಯಾಥರಿನ್ ಬಾಕ್ ಆ ಸಂಶಯಕ್ಕೆ ಉತ್ತರ ಕೊಟ್ಟರು. ಜ್ಞಾಪಕಶಕ್ತಿಯ ಪರೀಕ್ಷೆ ಎಂದು ನಂಬಿಸಿ ಜನರಿಂದ ಒಂದು ವಾಕ್ಯ ಹೇಳಿಸಿದರು. ಆಮೇಲೆ ಅದಕ್ಕೆ ಸಂಬಂಧವೇ ಇಲ್ಲದ ಚಿತ್ರ ತೋರಿಸಿ ವಿವರಿಸಲು ಹೇಳಿದರು. ಚರ್ಚಿಗೆ ಸಿಡಿಲು ಬಡಿಯುವ ಚಿತ್ರ ಅಂತಿಟ್ಟುಕೊಳ್ಳಿ. ಇಂಗ್ಲಿಷಿನಲ್ಲಿ ಸಿಡಿಲನ್ನೂ ಮುಂದಿಡಬಹುದು, ಚರ್ಚನ್ನೂ ಮುಂದಿಡಬಹುದು. ನಾವು ಶಾಲೆಯಲ್ಲಿ ಕಲಿತ ಕರ್ತರಿ, ಕರ್ಮಣಿ. (ಕನ್ನಡದ ಕರ್ಮಣಿ ಈಗ ಸರಕಾರಿ ನೋಟೀಸಿನಲ್ಲಿ ಬಿಟ್ಟರೆ ಬಾಯಲ್ಲಿ ಕಡಿಮೆ.) ಮೊದಲು ಕರ್ಮಣಿ ವಾಕ್ಯ ಹೇಳಿದವರು ಚಿತ್ರಕ್ಕೂ ಕರ್ಮಣಿಯನ್ನೇ ಹೆಚ್ಚು ಬಳಸಿದರು. ಪದಗಳು ಬೇರೆ, ಅಚ್ಚು ಅದೇ.

ನಮ್ಮಂಥ ಮನೆಗಳಿಗೆ ಮುಖ್ಯವಾದದ್ದು 2004ರದು. ಹಾರ್ಟ್‌ಸಾಯ್ಕರ್, ಪಿಕರಿಂಗ್, ವೆಲ್ಟ್‌ಕಾಂಪ್ ಎಂಬ ಮೂವರು ಇಂಗ್ಲಿಷ್ ಬಲ್ಲ ಸ್ಪ್ಯಾನಿಷ್ ಭಾಷಿಕರನ್ನು ಪರೀಕ್ಷಿಸಿದರು. ಜೊತೆಗಿದ್ದವರು ಸ್ಪ್ಯಾನಿಷಿನಲ್ಲಿ ಕರ್ಮಣಿ ಬಳಸಿದರೆ, ಇವರ ಇಂಗ್ಲಿಷಿನಲ್ಲೂ ಕರ್ಮಣಿ ಹೆಚ್ಚಿತು. ಅಂದರೆ ವಾಕ್ಯದ ಅಚ್ಚು ಭಾಷೆಯ ಗಡಿ ದಾಟುತ್ತದೆ.

ಕಾಸರಗೋಡಿನ ಬ್ಯಾರಿ ಮಗು ಉಮ್ಮನ ಜೊತೆ ಬ್ಯಾರಿ, ಶಾಲೆಯಲ್ಲಿ ಕನ್ನಡ, ನೆರೆಮನೆಯಲ್ಲಿ ತುಳು, ಬಸ್ಸಿನಲ್ಲಿ ಮಲಯಾಳ ಆಡುತ್ತದೆ. 1956ರಲ್ಲಿ ದಕ್ಷಿಣ ಕನ್ನಡದಿಂದ ಬಿಟ್ಟು ಕೇರಳಕ್ಕೆ ಸೇರಿದ ಮೇಲೆ ಮಲಯಾಳದ ಪಾಲು ಹೆಚ್ಚುತ್ತಲೇ ಬಂತು. ಆ ಮಗುವಿನ ಕನ್ನಡ ವಾಕ್ಯ ಸ್ವಲ್ಪ ಮಲಯಾಳದ ಕಡೆ ವಾಲಿದರೆ "ಇದಕ್ಕೆ ಕನ್ನಡವೇ ಬರುವುದಿಲ್ಲ" ಎಂದು ಗಡಿಯಾಚೆಯ ನೆಂಟರು ನಗುವುದನ್ನು ನಾನು ಎಷ್ಟೋ ಮದುವೆಗಳಲ್ಲಿ ಕೇಳಿದ್ದೇನೆ. ಈ ಪರೀಕ್ಷೆಗಳು ನಡೆದದ್ದು ಬ್ಯಾರಿಗಳ ಮೇಲೆ ಅಲ್ಲ, ನಿಜ. ಆದರೂ ಮಗುವಿಗೆ ಭಾಷೆ ಬರುವುದಿಲ್ಲ ಎನ್ನುವವರ ಎದುರು ವಾದಿಸಲು ನನಗೆ ಇಷ್ಟು ಸಾಕು. ತಿದ್ದಲೇಬೇಕು ಎನಿಸಿದರೆ ನಗಬೇಡಿ. ಅದೇ ಮಾತನ್ನು ನಿಮಗೆ ಬೇಕಾದ ಕನ್ನಡದಲ್ಲಿ ನೀವೇ ಒಮ್ಮೆ ಹೇಳಿ, ಮಗುವಿನ ಮುಂದಿನ ವಾಕ್ಯವನ್ನು ಕೇಳಿ ನೋಡಿ.