ಇಶಿಯ ಬಿಲ್ಲು, ಪೋಪನ ಬೇಟೆ

1908ರ ನವೆಂಬರ್ ತಿಂಗಳು. ಉತ್ತರ ಕ್ಯಾಲಿಫೋರ್ನಿಯಾದ ಡೀರ್ ಕ್ರೀಕ್ ಕಣಿವೆಯಲ್ಲಿ ಸರ್ವೆ ಕೆಲಸಕ್ಕೆ ಹೋದವರಿಗೆ ಪೊದೆಗಳ ನಡುವೆ ಅಡಗಿದ್ದ ಒಂದು ಪುಟ್ಟ ಬಿಡಾರ ಸಿಕ್ಕಿತು. ಅಲ್ಲಿದ್ದವರು ತಪ್ಪಿಸಿಕೊಂಡು ಓಡಿದ್ದರು. ಏಳಲಾಗದ ಒಬ್ಬ ಮುದುಕಿ ಮಾತ್ರ ಹೊದಿಕೆಯಡಿ ಮಲಗಿದ್ದಳು. ಸರ್ವೆಯವರು ಅವಳನ್ನು ಮುಟ್ಟಲಿಲ್ಲ. ಆದರೆ ಬಿಡಾರದಲ್ಲಿದ್ದ ಬಿಲ್ಲು, ಬಾಣ, ತುಪ್ಪಳದ ಹೊದಿಕೆ, ಬುಟ್ಟಿಗಳನ್ನೆಲ್ಲ ನೆನಪಿಗಿರಲಿ ಎಂದು ಎತ್ತಿಕೊಂಡು ಹೋದರು. ಮರುದಿನ ಬಂದು ನೋಡಿದರೆ ಮುದುಕಿಯೂ ಇರಲಿಲ್ಲ.

ಬಿಲ್ಲಿನ ಬೇಟೆಯ ಚರಿತ್ರೆ ಬರೆಯುವವರು ಈ ಕಳವನ್ನು ಸಾಮಾನ್ಯವಾಗಿ ಒಂದೇ ಸಾಲಿನಲ್ಲಿ ದಾಟಿಬಿಡುತ್ತಾರೆ. ನನ್ನಿಂದ ಅದು ಸಾಧ್ಯವಿಲ್ಲ. ನಾನು ಸಾಗರದ ಕಡೆಯವನು, ಈಗ ಇದೇ ಕ್ಯಾಲಿಫೋರ್ನಿಯಾದಲ್ಲಿ ಬಿಲ್ಲು ಹಿಡಿದು ಜಿಂಕೆಯ ಹೆಜ್ಜೆ ಹುಡುಕುವವನು. ನನ್ನ ಬಿಲ್ಲು ಮುರಿದರೆ ಅಂಗಡಿಯಿಂದ ಇನ್ನೊಂದು ತರುತ್ತೇನೆ. ಆ ಬಿಡಾರದವರಿಗೆ ಹೊಸ ಬಿಲ್ಲು ಬೇಕಾದರೆ ಮರ ಕಡಿದು, ಒಣಗಿಸಿ, ನರ ಅಂಟಿಸಿ, ಮತ್ತೆ ಒಣಗಿಸಿ ಹದಕ್ಕೆ ತರಬೇಕು. ತಿಂಗಳುಗಳ ಕೆಲಸ ಅದು. ಚಳಿಗಾಲ ಹೊಸ್ತಿಲಲ್ಲಿತ್ತು. ಬಿಲ್ಲು ಕದ್ದವರು ಆ ಜನರ ಅನ್ನವನ್ನೇ ಕದ್ದಿದ್ದರು.

ಅವರು ಯಾಹಿಗಳು. ಲ್ಯಾಸೆನ್ ಪರ್ವತದ ತಪ್ಪಲಿನಲ್ಲಿ ಮಿಲ್ ಕ್ರೀಕ್, ಡೀರ್ ಕ್ರೀಕ್ ಹಳ್ಳಗಳ ಉದ್ದಕ್ಕೂ ಬಾಳಿದ್ದ ಸಣ್ಣ ಬುಡಕಟ್ಟು. 1849ರ ಚಿನ್ನದ ನುಗ್ಗಾಟದ ಹಿಂದೆಯೇ ವಸಾಹತುಗಾರರು ಬಂದರು. ದನ ಬಂದವು, ಜಿಂಕೆ ಕಡಿಮೆಯಾದವು. ಹಸಿದ ಯಾಹಿಗಳು ದನ ಹೊಡೆದರೆ ಬಂದೂಕಿನ ಗುಂಪುಗಳು ಅವರ ಬಿಡಾರಗಳನ್ನೇ ಹುಡುಕಿ ಹೊಡೆದವು. 1870ರ ಹೊತ್ತಿಗೆ ಬದುಕಿ ಉಳಿದಿದ್ದವರು ಬೆರಳೆಣಿಕೆಯಷ್ಟು ಜನ. ಅವರು ಮುಂದೆ ಸುಮಾರು ನಾಲ್ಕು ದಶಕ ಯಾರ ಕಣ್ಣಿಗೂ ಬೀಳದಂತೆ ಅದೇ ಕಾಡಿನಲ್ಲಿ ಬಾಳಿದರು. ಹೆಜ್ಜೆ ಮೂಡದಂತೆ ಬಂಡೆಯಿಂದ ಬಂಡೆಗೆ ಕಾಲಿಡುತ್ತಿದ್ದರು. ಹೊಗೆ ಕಾಣದಷ್ಟು ಸಣ್ಣ ಒಲೆ ಹಚ್ಚುತ್ತಿದ್ದರು. ಕೋವಿಯ ಒಂದು ಸದ್ದು ಕೇಳಿಸಿದ್ದರೂ ಗುಟ್ಟು ರಟ್ಟಾಗುತ್ತಿತ್ತು. ಬಿಲ್ಲಿಗೆ ಸದ್ದಿಲ್ಲ. ನಮ್ಮಂಥವರು ಬಿಲ್ಲನ್ನು ಹಿಡಿಯುವುದು ಇಷ್ಟಪಟ್ಟು. ಯಾಹಿಗಳಿಗೆ ಜೀವ ಉಳಿಯಲು ಇದ್ದ ದಾರಿ ಅದೊಂದೇ.

1911ರ ಆಗಸ್ಟ್ ಕೊನೆಯಲ್ಲಿ ಓರೊವಿಲ್ ಊರಿನ ಕಸಾಯಿಖಾನೆಯ ಬಳಿ ಒಬ್ಬ ಮನುಷ್ಯ ಸಿಕ್ಕಿದ. ಬಡಕಲು ಮೈ, ತಲೆಗೂದಲು ಸುಟ್ಟು ಗಿಡ್ಡ ಮಾಡಿಕೊಂಡಿದ್ದ. ಅದು ಯಾಹಿಗಳಲ್ಲಿ ಸೂತಕದ ಗುರುತು. ಪೊಲೀಸರು ಅವನನ್ನು ಜೈಲಿನ ಕೋಣೆಯಲ್ಲಿ ಕೂರಿಸಿದರು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ ಬಂದ ವಾಟರ್‌ಮನ್ ಯಾಹಿಗಳ ಬಂಧುಗಳಾದ ಯಾನಾ ಜನರ ಭಾಷೆಯ ಪದಗಳ ಪಟ್ಟಿ ಹಿಡಿದು ಒಂದೊಂದೇ ಓದುತ್ತ ಹೋದ; ಮಂಚದ ಪೈನ್ ಮರವನ್ನು ತಟ್ಟಿ ಅದರ ಹೆಸರು ಹೇಳಿದಾಗ ಆ ಮನುಷ್ಯನ ಮುಖ ಅರಳಿತು. ಸ್ಯಾನ್‌ಫ್ರಾನ್ಸಿಸ್ಕೋದ ವಿಶ್ವವಿದ್ಯಾಲಯದ ಮ್ಯೂಸಿಯಂ ಅವನ ಮನೆಯಾಯಿತು. ತನ್ನ ಸ್ವಂತ ಹೆಸರನ್ನು ಅವನು ಯಾರಿಗೂ ಹೇಳಲಿಲ್ಲ. ಮಾನವಶಾಸ್ತ್ರಜ್ಞ ಕ್ರೋಬರ್ ಅವನನ್ನು ಇಶಿ ಎಂದು ಕರೆದ.

ಮ್ಯೂಸಿಯಂನ ಪಕ್ಕದಲ್ಲೇ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇತ್ತು. ಅಲ್ಲಿನ ಶಸ್ತ್ರವೈದ್ಯ ಸ್ಯಾಕ್ಸ್ಟನ್ ಪೋಪ್ 1912ರಿಂದ ಇಶಿಯ ಒಡನಾಡಿಯಾದ. ಮದ್ದು ಕೊಡಲು ಬಂದವನು ಬಿಲ್ವಿದ್ಯೆ ಕಲಿಯಲು ಕೂತ. ಪೋಪ್ 1918ರಲ್ಲಿ ಪ್ರಕಟಿಸಿದ ‘ಯಾಹಿ ಆರ್ಚರಿ’ ಎಂಬ ಬರಹದಲ್ಲಿ ಆ ಪಾಠವೆಲ್ಲ ಇದೆ. ಬಿಲ್ಲಿನ ಬಗ್ಗೆ ನಾನು ಓದಿದ ಬರಹಗಳಲ್ಲಿ ನನಗೆ ಅತ್ಯಂತ ಹತ್ತಿರದ್ದು ಇದೇ.

ಇಶಿಯ ಬಿಲ್ಲಿಗೆ ಬೆಟ್ಟದ ಜೂನಿಪರ್ ಮರ. ಉದ್ದ ಸುಮಾರು 42 ಇಂಚು, ಎಳೆತದ ಬಲ 40 ಪೌಂಡಿನ ಆಸುಪಾಸು. ಕೆತ್ತಿ ಒಣಗಿಸಿದ ಬಿಲ್ಲಿನ ಬೆನ್ನಿಗೆ ಜಿಂಕೆಯ ಕಾಲಿನ ನರವನ್ನು ಎಳೆಎಳೆಯಾಗಿ ಹಾಸಬೇಕು. ಆ ನರವನ್ನು ಇಶಿ ಮೊದಲು ಬಾಯಲ್ಲಿ ಅಗಿದು ಮೆತ್ತಗೆ ಮಾಡುತ್ತಿದ್ದ. ಸಾಲ್ಮನ್ ಮೀನಿನ ಚರ್ಮ ಕುದಿಸಿ ತೆಗೆದ ಅಂಟು ಬಳಿದು, ಮೇಲೆ ನರ ಕೂರಿಸಿ, ತೊಗಟೆಯ ಪಟ್ಟಿಯಿಂದ ಬಿಗಿಯಾಗಿ ಸುತ್ತಿ ಒಣಗಲು ಬಿಡುತ್ತಿದ್ದ. ಒಣಗುತ್ತ ನರ ಬಿಗಿಯುತ್ತದೆ. ಬಿಲ್ಲು ಬಾಗಿದಾಗ ಬೆನ್ನಿನ ಮೇಲೆ ಬೀಳುವ ಎಳೆತವನ್ನು ಅದು ಹೊರುತ್ತದೆ, ಮರ ಸೀಳದಂತೆ ಕಾಯುತ್ತದೆ. ಅಷ್ಟು ಗಿಡ್ಡ ಬಿಲ್ಲು ಅಷ್ಟು ಬಾಗಿಯೂ ಮುರಿಯದಿರುವ ರಹಸ್ಯ ಇದು. ಹೆದೆಯೂ ನರದ್ದೇ, ತೆಳ್ಳನೆಯ ಎಳೆಗಳನ್ನು ಹೊಸೆದದ್ದು.

ಬಾಣದ ಕೆಲಸ ಇನ್ನೂ ಸೂಕ್ಷ್ಮ. ಹೇಜಲ್ ಗಿಡದ ನೇರ ಕಡ್ಡಿಗಳನ್ನು ಕಡಿದು ಒಣಗಿಸಿದ ಮೇಲೆ ಡೊಂಕನ್ನು ಕೆಂಡದ ಶಾಖಕ್ಕೆ ಹಿಡಿಯುತ್ತಿದ್ದ. ಬಿಸಿಯಾದ ಕೂಡಲೇ ಕಾಲಿನ ಹೆಬ್ಬೆರಳನ್ನು ಒತ್ತುಕೊಟ್ಟು ನೆಟ್ಟಗೆ ಮಾಡುತ್ತಿದ್ದ. ಎರಡು ಮರಳುಗಲ್ಲಿನ ತುಂಡುಗಳ ನಡುವೆ ಉಜ್ಜಿ ನಯ ಮಾಡುತ್ತಿದ್ದ. ಮುಂಭಾಗಕ್ಕೆ ಗಟ್ಟಿ, ಭಾರದ ಮರದ ತುಂಡನ್ನು ಕೂಡಿಸುತ್ತಿದ್ದ. ಹಿಂದೆ ಹದ್ದಿನದೋ ಗಿಡುಗನದೋ ಗರಿ. ಮೊನೆಗೆ ಅಬ್ಸಿಡಿಯನ್ ಎಂಬ ಜ್ವಾಲಾಮುಖಿಯ ಕರಿಗಾಜು, ಇಲ್ಲವೇ ಬಿಳಿಯರು ಎಸೆದ ಬಾಟಲಿಯ ಗಾಜು. ಜಿಂಕೆಯ ಕೊಂಬಿನ ತುದಿಯಿಂದ ಒತ್ತಿ ಒತ್ತಿ ಚಕ್ಕೆ ಎಬ್ಬಿಸುತ್ತ ಅಲಗು ತೆಗೆಯುವುದನ್ನು ನೋಡಲು ಭಾನುವಾರ ಮ್ಯೂಸಿಯಂಗೆ ಜನ ಮುಗಿಬೀಳುತ್ತಿದ್ದರು. ಅಬ್ಸಿಡಿಯನ್ ಮೊನೆ ಉಕ್ಕಿಗಿಂತ ಆಳಕ್ಕೆ ಇಳಿಯುತ್ತದೆ ಎಂದು ಪೋಪ್ ಮುಂದೆ ಪರೀಕ್ಷೆ ಮಾಡಿ ತೋರಿಸಿದ.

ಬಿಲ್ಲು ಟ್ಯೂನ್ ಮಾಡುವುದನ್ನು ಈಗ ಅಂಗಡಿಯವರು ಯಂತ್ರದ ಕೆಲಸದಂತೆ ಹೇಳಿಕೊಡುತ್ತಾರೆ. ನನ್ನದು 45 ಪೌಂಡಿನ ಮರದ ರಿಕರ್ವ್, ಅಂದರೆ ತುದಿಗಳು ಮುಂದಕ್ಕೆ ಬಾಗಿದ ಬಿಲ್ಲು. ಬೇಟೆಯ ಕಾಲ ಬರುವ ಮುನ್ನ ಹಿತ್ತಿಲಲ್ಲಿ ಒಂದು ಚೌಕಟ್ಟಿಗೆ ಪೇಪರ್ ಬಿಗಿದು, ಕೆಲವೇ ಹೆಜ್ಜೆ ದೂರದಿಂದ ಅದರ ಮೂಲಕ ಬಾಣ ಬಿಡುತ್ತೇನೆ. ಬಾಣ ನೆಟ್ಟಗೆ ಹೋದರೆ ಗುಂಡನೆ ತೂತು, ಸುತ್ತ ಗರಿಗಳ ಗೀರು ಮಾತ್ರ. ಬಾಲ ಎತ್ತಿಕೊಂಡು ಹೋದರೆ ಪೇಪರ್ ಮೇಲಕ್ಕೆ ಹರಿದಿರುತ್ತದೆ; ಹೆದೆಯ ಮೇಲೆ ಬಾಣ ಕಚ್ಚುವ ಗುರುತನ್ನು ಕೂದಲೆಳೆಯಷ್ಟು ಕೆಳಗಿಳಿಸಬೇಕು. ಪಕ್ಕಕ್ಕೆ ಹರಿದರೆ ಬಾಣದ ಬಿಗುವು ಬಿಲ್ಲಿಗೆ ಹೊಂದಿಲ್ಲವೆಂದೇ ಹೆಚ್ಚಾಗಿ ಅರ್ಥ. ಬಿಲ್ಲು ಬಿಟ್ಟ ಕ್ಷಣ ಬಾಣ ನೆಟ್ಟಗಿರುವುದಿಲ್ಲ, ಬಿಲ್ಲಿನ ಹಿಡಿಯನ್ನು ಸುತ್ತಿ ಬಳುಕಿಕೊಂಡು ಹೋಗುತ್ತದೆ. ಎಷ್ಟು ಬಳುಕಬೇಕೋ ಅಷ್ಟೇ ಬಳುಕಬೇಕು. ಮೊನೆಯ ತೂಕ ಹೆಚ್ಚಿಸಿದರೆ ಬಾಣ ಮೆದುವಾಗಿ ವರ್ತಿಸುತ್ತದೆ, ಕಡ್ಡಿ ಗಿಡ್ಡ ಮಾಡಿದರೆ ಬಿಗುವಾಗುತ್ತದೆ. ಹೆದೆಗೆ ಇನ್ನೊಂದಿಷ್ಟು ಹುರಿ ಕೊಟ್ಟರೆ ಅದು ಗಿಡ್ಡವಾಗಿ ಹಿಡಿಯಿಂದ ದೂರ ನಿಲ್ಲುತ್ತದೆ. ಆ ದೂರ ಸರಿಯಾಯಿತೆಂದು ಅಳತೆಪಟ್ಟಿಗಿಂತ ಮೊದಲು ಕಿವಿ ಹೇಳುತ್ತದೆ, ಏಕೆಂದರೆ ಬಿಲ್ಲಿನ ಝೇಂಕಾರ ತಗ್ಗಿಬಿಡುತ್ತದೆ.

ಇಶಿ ಬಿಲ್ಲಿನ ಒಂದು ತುದಿಯನ್ನು ಬಾಯಿಯ ಅಂಚಿಗೆ ಇಟ್ಟುಕೊಂಡು, ಬಾಣದಿಂದ ಹೆದೆ ಮೀಟಿ ಹಾಡು ನುಡಿಸುತ್ತಿದ್ದ ಎಂದು ಪೋಪ್ ಬರೆದಿದ್ದಾನೆ. ತನ್ನ ಬಿಲ್ಲಿನ ದನಿಯನ್ನು ಅಷ್ಟು ಹತ್ತಿರದಿಂದ ಬಲ್ಲವನಿಗೆ ಪೇಪರ್ ಪರೀಕ್ಷೆ ಬೇಕಿರಲಿಲ್ಲ ಎಂದು ನನಗೆ ಅನಿಸುತ್ತದೆ. ಬಿಲ್ಲನ್ನು ಗೋಡೆಗೆ ಒರಗಿಸಿ ನಿಲ್ಲಿಸಲು ಅವನು ಬಿಡುತ್ತಿರಲಿಲ್ಲ. ನಿಂತ ಬಿಲ್ಲು ದಣಿಯುತ್ತದೆ, ಹೆದೆ ಇಳಿಸಿ ಮಲಗಿಸಬೇಕು ಎನ್ನುತ್ತಿದ್ದ. ಮರದ ಬಿಲ್ಲು ಇಟ್ಟುಕೊಂಡವರೆಲ್ಲ ಇಂದಿಗೂ ಹೆದೆ ಇಳಿಸಿಯೇ ಇಡುತ್ತಾರೆ.

ಬೇಟೆಯ ದಿನ ಅವನು ಹಸಿದ ಹೊಟ್ಟೆಯಲ್ಲೇ ಹೊರಡುತ್ತಿದ್ದ. ಹಿಂದಿನ ದಿನದಿಂದ ಮೀನು ಇಲ್ಲ, ಹೊಗೆಸೊಪ್ಪು ಇಲ್ಲ. ಹಳ್ಳದಲ್ಲಿ ಮಿಂದು ಪರಿಮಳದ ಎಲೆಗಳನ್ನು ಮೈಗೆ ತಿಕ್ಕಿಕೊಳ್ಳುತ್ತಿದ್ದ. ಜಿಂಕೆಯ ತಲೆಯ ಚರ್ಮದೊಳಗೆ ತುಂಬಿ ಮಾಡಿದ ಮುಖವಾಡವನ್ನು ತಲೆಗೆ ಹಾಕಿ ಪೊದೆಯ ಮರೆಯಲ್ಲಿ ಅಲ್ಲಾಡಿಸಿದರೆ ಜಿಂಕೆಗಳು ಕುತೂಹಲದಿಂದ ಹತ್ತಿರ ಬರುತ್ತಿದ್ದವು. ಬೆರಳಿಗೆ ತುಟಿ ಒತ್ತಿ ಗಾಯಗೊಂಡ ಮೊಲದ ದನಿ ತೆಗೆದರೆ ಮೊಲ ಮಾತ್ರವಲ್ಲ, ಅದನ್ನು ತಿನ್ನುವ ಪ್ರಾಣಿಗಳೂ ಬರುತ್ತಿದ್ದವು. ಕುಕ್ಕರಗಾಲಲ್ಲಿ ಕೂತು, ಬಿಲ್ಲನ್ನು ಮೈಗೆ ಅಡ್ಡಲಾಗಿ ಓರೆಯಾಗಿ ಹಿಡಿದು, ಹೆದೆಯನ್ನು ಹೆಬ್ಬೆರಳಿನಿಂದ ಎಳೆದು ಬಿಡುತ್ತಿದ್ದ. ದೂರದ ಗುರಿಗೆ ಪೋಪನೇ ಮೇಲು. ಹತ್ತಿರದ ಸಣ್ಣ ಗುರಿಗೆ ಇಶಿ.

ನನ್ನ ಬೇಟೆಯ ದಿನಗಳಲ್ಲಿ ಹೆಚ್ಚಿನವು ಬರಿಗೈಯವು. ಕ್ಯಾಲಿಫೋರ್ನಿಯಾದ ಕಾನೂನು ಬಿಲ್ಲು ಕನಿಷ್ಠ 130 ಗಜ ದೂರ ಬಾಣ ಎಸೆಯಬೇಕು, ಅಲಗು ಎಂಟನೇ ಏಳು ಇಂಚಿನ ತೂತಿನಲ್ಲಿ ತೂರಬಾರದು ಎನ್ನುತ್ತದೆ. ಗಾಯವಾಗಿ ಓಡಿ ನರಳದೆ ಪ್ರಾಣಿ ಬೇಗ ಸಾಯಲಿ ಎಂಬ ಈ ಕಾಳಜಿ ಸರಿಯಾದದ್ದು. ಬೆಳಗಿನ ತಂಪುಗಾಳಿ ಇಳಿಜಾರಿನಲ್ಲಿ ಕೆಳಗಿಳಿಯುತ್ತದೆ, ಬಿಸಿಲೇರಿದಂತೆ ತಿರುಗಿ ಮೇಲೇರುತ್ತದೆ. ಆ ತಿರುಗುವ ಹೊತ್ತಿನಲ್ಲಿ ಎಷ್ಟೋ ಸಲ ಜಿಂಕೆ ನನ್ನ ವಾಸನೆ ಹಿಡಿದು ಜಿಗಿದು ಹೋಗಿದೆ. ಊರಲ್ಲಿ ಹಿರಿಯರು ಹಂದಿ ಶಿಕಾರಿಯ ಕಥೆ ಹೇಳುತ್ತಿದ್ದುದನ್ನು ಕೇಳಿ ಬೆಳೆದವನು ನಾನು. 1972ರ ವನ್ಯಜೀವಿ ಕಾಯಿದೆ ಬಂದ ಮೇಲೆ ಅದೆಲ್ಲ ಮುಗಿದ ಮಾತು, ಮುಗಿದದ್ದೇ ಒಳ್ಳೆಯದಾಯಿತು. ಇಲ್ಲಿ ಲೈಸೆನ್ಸ್, ಟ್ಯಾಗ್, ಗೊತ್ತುಮಾಡಿದ ಕಾಲ, ಎಲ್ಲದರ ಒಳಗೇ ಬೇಟೆ.

1914ರ ಮೇ ತಿಂಗಳಲ್ಲಿ ಕ್ರೋಬರ್, ವಾಟರ್‌ಮನ್, ಪೋಪ್ ಮತ್ತು ಪೋಪನ ಮಗ ಇಶಿಯ ಜೊತೆ ಡೀರ್ ಕ್ರೀಕಿಗೆ ಹೋದರು. ಹೋಗಲು ಇಶಿಗೆ ಮೊದಲು ಮನಸ್ಸಿರಲಿಲ್ಲ. ಹೋದ ಮೇಲೆ ಅಡಗುತಾಣಗಳನ್ನೂ ಬೇಟೆಯ ಜಾಗಗಳನ್ನೂ ತೋರಿಸಿದ. ಎರಡು ವರ್ಷ ಕಳೆಯುವುದರೊಳಗೆ, 1916ರ ಮಾರ್ಚ್ 25ರಂದು, ಕ್ಷಯದಿಂದ ತೀರಿಕೊಂಡ.

ನಾವು ಏಕಲವ್ಯನ ಕಥೆ ಕೇಳಿ ಬೆಳೆದವರು. ಇಲ್ಲಿ ಬೇಡನೇ ಗುರು, ಓದಿದ ವೈದ್ಯ ಶಿಷ್ಯ. ಗುರುದಕ್ಷಿಣೆಯಾಗಿ ಸಂದದ್ದು ಏನು? ಹೆಣ ಕೊಯ್ಯುವುದನ್ನು ಕಂಡರೆ ಇಶಿ ಹೆದರುತ್ತಿದ್ದ ಎಂಬುದು ಅವರೆಲ್ಲರಿಗೂ ಗೊತ್ತಿತ್ತು. ಆದರೂ ಶವಪರೀಕ್ಷೆ ನಡೆಯಿತು; ಪೋಪ್ ತಡೆಯಲಿಲ್ಲ. ನ್ಯೂಯಾರ್ಕಿನಲ್ಲಿದ್ದ ಕ್ರೋಬರ್ ಬೇಡವೆಂದು ಬರೆದ ಪತ್ರ ತಡವಾಗಿ ಮುಟ್ಟಿತು. ಅದೇ ಕ್ರೋಬರ್ ಮರುವರ್ಷ ಇಶಿಯ ಮಿದುಳನ್ನು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಗೆ ಕಳಿಸಿಕೊಟ್ಟ. ಉಳಿದ ದೇಹದ ಜೊತೆ ಒಂದು ಬಿಲ್ಲು, ಐದು ಬಾಣ, ಓಕ್ ಕಾಯಿಯ ಹಿಟ್ಟಿನ ಬುಟ್ಟಿ, ಹೊಗೆಸೊಪ್ಪು ಇಟ್ಟು ದಹನ ಮಾಡಿದರು. ಗೆಳೆಯರು ಪ್ರೀತಿಯಿಂದಲೇ ಹಾಗೆ ಮಾಡಿದ್ದಾರೆ ಎಂದು ನಂಬುತ್ತೇನೆ. ಆದರೂ ಶವಪರೀಕ್ಷೆಯನ್ನೂ ಮಿದುಳು ಕಳಿಸಿದ್ದನ್ನೂ ಅದು ತೊಳೆಯುವುದಿಲ್ಲ.

ಮುಂದಿನದು ಬೇಗ ಹೇಳಬಹುದಾದ ಕಥೆ. ಪೋಪ್ ಮತ್ತು ಅವನ ಗೆಳೆಯ ಆರ್ಥರ್ ಯಂಗ್ 1920ರಲ್ಲಿ ಯೆಲ್ಲೊಸ್ಟೋನಿನಲ್ಲಿ ಬಿಲ್ಲಿನಿಂದ ಗ್ರಿಜ್ಲಿ ಕರಡಿ ಹೊಡೆದರು. 1923ರಲ್ಲಿ ಪೋಪನ ಬೇಟೆಯ ಪುಸ್ತಕ ಬಂತು. ಅದನ್ನು ಓದಿದ ಎಷ್ಟೋ ಜನ ಬಿಲ್ಲು ಹಿಡಿದರು. ಅವನು ಹಿಡಿದದ್ದು ಇಂಗ್ಲಿಷರ ಮಾದರಿಯ ಉದ್ದನೆಯ ಯೂ ಮರದ ಬಿಲ್ಲು, ನಿಜ. ಆದರೆ ಕಾಯುವುದು, ತೆವಳುವುದು, ಕೂಗಿ ಕರೆಯುವುದು ಇಶಿಯಿಂದ ಬಂದವು. 1934ರಲ್ಲಿ ವಿಸ್ಕಾನ್ಸಿನ್ ರಾಜ್ಯ ಬಿಲ್ಲಿಗೆಂದೇ ಜಿಂಕೆ ಬೇಟೆಯ ಕಾಲವನ್ನು ಗೊತ್ತುಮಾಡಿತು. 1961ರಲ್ಲಿ ಪೋಪ್ ಮತ್ತು ಯಂಗ್ ಹೆಸರಿನ ಕ್ಲಬ್ ಹುಟ್ಟಿತು. ಅದರ ಅತ್ಯುನ್ನತ ಪ್ರಶಸ್ತಿಗೆ ಇಶಿಯ ಹೆಸರು. 1969ರಲ್ಲಿ ಮಿಸ್ಸೂರಿಯ ಹೊಲೆಸ್ ಆಲೆನ್‌ಗೆ ರಾಟೆ ಜೋಡಿಸಿದ ಕಾಂಪೌಂಡ್ ಬಿಲ್ಲಿನ ಪೇಟೆಂಟ್ ಸಿಕ್ಕಿತು. ಇವತ್ತು ಬಹುಪಾಲು ಬಿಲ್ಲಿನ ಬೇಟೆಗಾರರ ಕೈಯಲ್ಲಿರುವುದು ಅದೇ.

ಇಶಿಯ ಮಿದುಳು 2000ದಲ್ಲಿ ಯಾನಾ ನಂಟಿನ ರೆಡ್ಡಿಂಗ್ ಮತ್ತು ಪಿಟ್ ರಿವರ್ ಬುಡಕಟ್ಟುಗಳ ಕೈಸೇರಿತು. ಚಿತಾಭಸ್ಮದೊಂದಿಗೆ ಅದನ್ನು ಅವರು ಗುಟ್ಟಾದ ಜಾಗದಲ್ಲಿ ಮಣ್ಣು ಮಾಡಿದರು. 2021ರಲ್ಲಿ ಬರ್ಕ್ಲಿಯ ಕಟ್ಟಡವೊಂದರಿಂದ ಕ್ರೋಬರ್ ಹೆಸರನ್ನು ತೆಗೆಯಲಾಯಿತು. ಬೇಟೆಗಾರರ ಕಡೆಯಿಂದ ಮಾತ್ರ ಸಂದಾಯ ಇನ್ನೂ ಬಾಕಿ. ನಾನು ಲೈಸೆನ್ಸಿಗಾಗಿ ಕೂತ ತರಗತಿಯಲ್ಲಿ ಅಲಗಿನ ಅಗಲ, ಗಾಳಿಯ ದಿಕ್ಕು, ರಕ್ತದ ಜಾಡು ಎಲ್ಲ ಕಲಿಸಿದರು. ಯಾಹಿಗಳ ಹೆಸರು ಬರಲಿಲ್ಲ. ಬಿಲ್ಲಿನ ಬೇಟೆಯ ಪಾಠಪುಸ್ತಕದಲ್ಲಿ ಅವರಿಗೊಂದು ಅಧ್ಯಾಯ ಬೇಕು, 1908ರ ಕಳವು ಅದರಲ್ಲಿ ಮೊದಲು ಬರಬೇಕು. ಅದು ಬರುವವರೆಗೆ, ಬಿಲ್ಲು ಕೊಳ್ಳಲು ಹೊರಟ ಯಾವ ಕನ್ನಡಿಗನಾದರೂ ಈ ಕಡೆ ಸಿಕ್ಕರೆ, ಅಂಗಡಿಗೆ ಹೋಗುವ ಮುನ್ನ ‘ಯಾಹಿ ಆರ್ಚರಿ’ ಓದಿ ಎಂದು ಕೇಳಿಕೊಳ್ಳುತ್ತೇನೆ.