ಹೊಸಬನ ಮುಂದೆ ಕುರ್‌ಆನ್: ‘ಫತ್‌ಹುರ್ರಹ್ಮಾನ್’ ಮುನ್ನುಡಿಯ ಮರುಓದು

ಶಾಹ್ ವಲಿಯುಲ್ಲಾಹ್ ದೆಹಲವಿಯವರ ಫಾರಸಿ ಕುರ್‌ಆನ್ ಅನುವಾದ ‘ಫತ್‌ಹುರ್ರಹ್ಮಾನ್’ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಮೂರು ಮಾತು ಹೇಳಿ ಮುಂದಕ್ಕೆ ಹೋಗುತ್ತಾರೆ. ಭಾರತದಲ್ಲಿ ಕುರ್‌ಆನನ್ನು ಮೊದಲು ಅನುವಾದಿಸಿದವರು ಅವರು. ಆ ಕಾರಣಕ್ಕೇ ದೆಹಲಿಯ ಫತೇಪುರಿ ಮಸೀದಿಯಲ್ಲಿ ಅವರನ್ನು ಮುಗಿಸಲು ಒಂದು ಗುಂಪು ಬಂದಿತ್ತು. ಜರ್ಮನಿಯಲ್ಲಿ ಲೂಥರ್ ಬೈಬಲಿಗೆ ಮಾಡಿದ್ದನ್ನು ಅವರು ಇಲ್ಲಿ ಕುರ್‌ಆನಿಗೆ ಮಾಡಿದರು. ಮೊದಲನೆಯ ಮಾತು ತಪ್ಪು. ಎರಡನೆಯದರ ಬುಡ ಸಡಿಲ. ಮೂರನೆಯದು ನೋಡಲು ನಿರುಪದ್ರವಿ ಹೋಲಿಕೆ, ಆದರೆ ಅತಿ ಹೆಚ್ಚು ಹಾನಿ ಮಾಡಿರುವುದು ಅದೇ. ಹೊಸಬರನ್ನು ಕುರ್‌ಆನಿನ ಓದಿಗೆ ಕರೆದೊಯ್ಯುವ ಬಗೆಯನ್ನು 18ನೇ ಶತಮಾನದ ಒಬ್ಬ ಮೇಷ್ಟರು ಹೇಗೆ ಯೋಚಿಸಿದ್ದರು ಎಂಬುದನ್ನು ಆ ಹೋಲಿಕೆ ಪೂರ್ತಿ ಮರೆಮಾಡಿದೆ.

ಮೊದಲನೆಯದರ ಮೇಲೆ ಹೆಚ್ಚು ಹೊತ್ತು ನಿಲ್ಲಬೇಕಿಲ್ಲ. ಹತ್ತನೇ ಶತಮಾನದಲ್ಲೇ ಸಾಮಾನಿ ದೊರೆ ಮನ್ಸೂರ್ ಬಿನ್ ನೂಹ್, ಮಾವರಾ ಉನ್ನಹರ್ ಸೀಮೆಯ ಉಲಮಾಗಳ ಒಪ್ಪಿಗೆ ಪಡೆದು, ತಬರಿಯ ತಫ್ಸೀರನ್ನು (ಕುರ್‌ಆನ್ ವ್ಯಾಖ್ಯಾನವನ್ನು) ಫಾರಸಿಗೆ ತರಿಸಿದ್ದ. ಹುಸೇನ್ ವಾಇಝ್ ಕಾಶಿಫಿಯ ‘ತಫ್ಸೀರೆ ಹುಸೇನಿ’ ಹಿಂದೂಸ್ತಾನದ ಓದುಬಲ್ಲ ಮನೆಗಳಿಗೆ ಹೊಸದಾಗಿರಲಿಲ್ಲ. ದಖ್ಖನ್ನಿನ ದೌಲತಾಬಾದಿನ ಹೆಸರು ಹೊತ್ತು ಜೌನ್‌ಪುರದಲ್ಲಿ ನೆಲೆಸಿದ ಶಿಹಾಬುದ್ದೀನ್ ದೌಲತಾಬಾದಿ 15ನೇ ಶತಮಾನದಲ್ಲಿ ‘ಬಹ್ರೆ ಮವ್ವಾಜ್’ ಎಂಬ ದೊಡ್ಡ ಫಾರಸಿ ವ್ಯಾಖ್ಯಾನವನ್ನೇ ಬರೆದಿದ್ದರು. ಇದೆಲ್ಲ ಪಕ್ಕಕ್ಕಿರಲಿ, ವಲಿಯುಲ್ಲಾಹರೇ ತಮ್ಮ ಮುನ್ನುಡಿಯಲ್ಲಿ ಈಗಾಗಲೇ ಇದ್ದ ಅನುವಾದಗಳನ್ನು ತರಿಸಿ ನೋಡಿದೆ ಎನ್ನುತ್ತಾರೆ. ಅವುಗಳಲ್ಲಿ ಒಂದು ಬೇಕಾದ್ದಕ್ಕಿಂತ ಉದ್ದ, ಇನ್ನೊಂದು ಬೇಕಾದ್ದಕ್ಕಿಂತ ಮೊಟಕು. ಮನಸ್ಸಿಗೆ ಒಪ್ಪುವ ಅಳತೆಯದು ಸಿಕ್ಕದೆ ತಾವೇ ಕೈಹಚ್ಚಿದೆ ಎಂಬುದು ಅವರ ವಿವರಣೆ. ಮೊದಲಿಗನೆಂಬ ಪಟ್ಟವನ್ನು ಅವರು ಕೇಳಿಯೇ ಇಲ್ಲ. ಅದನ್ನು ಅವರ ತಲೆಗೆ ಕಟ್ಟಿದವರು ಮುನ್ನುಡಿಯ ಮೊದಲ ಪುಟಗಳನ್ನೂ ದಾಟಿರಲಾರರು.

ಫತೇಪುರಿ ಮಸೀದಿಯ ಕಥೆ ಬರುವುದು ವಲಿಯುಲ್ಲಾಹರು 1762ರಲ್ಲಿ ತೀರಿಕೊಂಡು ನೂರಕ್ಕೂ ಹೆಚ್ಚು ವರ್ಷಗಳಾದ ಮೇಲಿನ ಉರ್ದು ಜೀವನಚರಿತ್ರೆಗಳಲ್ಲಿ. ಫಾರಸಿಯಲ್ಲಿ ಕುರ್‌ಆನಿನ ಅರ್ಥ ಓದುವುದು ಶತಮಾನಗಳಿಂದ ರೂಢಿಯಲ್ಲಿದ್ದ ಊರಿನಲ್ಲಿ ಒಂದು ಫಾರಸಿ ಅನುವಾದಕ್ಕಾಗಿ ಕತ್ತಿ ಹಿರಿದರೆಂದು ನಂಬಬೇಕಾದರೆ ಅದಕ್ಕಿಂತ ಹಳೆಯ, ಹತ್ತಿರದ ಸಾಕ್ಷ್ಯ ಬೇಕು. (ಈ ಕಥೆಯನ್ನು ಮತ್ತೆ ಮತ್ತೆ ಹೇಳುವವರ ಭಕ್ತಿಯನ್ನು ನಾನು ಶಂಕಿಸುವುದಿಲ್ಲ. ಅವರಿಗೆ ಬೇಕಾಗಿರುವುದು ಪೀಡಿತನಾದ ಸುಧಾರಕ. ಆದರೆ ಪೀಡಿತನನ್ನು ಹುಡುಕುತ್ತ ಹೋದವರಿಗೆ ಮೇಷ್ಟರು ಕಾಣಲಿಲ್ಲ.)

ಲೂಥರ್ ಹೋಲಿಕೆಗೆ ಬರೋಣ. ಅದು ನಮ್ಮ ಕಣ್ಣಮುಂದೆ ಒಂದು ಚಿತ್ರ ಇಡುತ್ತದೆ: ತೆರೆದ ಗ್ರಂಥ, ಅದರೆದುರು ಒಬ್ಬನೇ ಓದುಗ, ನಡುವೆ ಮಧ್ಯವರ್ತಿ ಇಲ್ಲ. ಇಂಗ್ಲಿಷಿನಲ್ಲಿ ಬರೆದವರು ಇದನ್ನು ಒಬ್ಬರಿಂದೊಬ್ಬರು ಎರವಲು ಪಡೆದಿದ್ದಾರೆ. ಉರ್ದು ಪರಂಪರೆಯ ಹಿರಿಯರಾದ ಅಬುಲ್ ಹಸನ್ ಅಲಿ ನದ್ವಿಯವರು ‘ತಾರೀಖೆ ದಾವತ್ ವ ಅಝೀಮತ್’ ಮಾಲೆಯ ಐದನೆಯ ಸಂಪುಟವನ್ನು ವಲಿಯುಲ್ಲಾಹರಿಗೇ ಮೀಸಲಿಟ್ಟರು. ಅವರ ಓದು ಎಷ್ಟೋ ಪಾಲು ಎಚ್ಚರದ್ದು, ಅವರಿಗೆ ನನ್ನ ಋಣವೂ ಇದೆ. ಆದರೂ ಅವರಲ್ಲಿ ಅನುವಾದವು ಸಮಾಜ ಸುಧಾರಣೆಯ ದೊಡ್ಡ ಕಾರ್ಯಕ್ರಮದ ಮೊದಲ ಹೆಜ್ಜೆಯಾಗಿ ಕಾಣಿಸುತ್ತದೆಯೇ ಹೊರತು ಒಂದು ಪಾಠಶಾಲೆಯ ದಿನಚರಿಯಿಂದ ಹುಟ್ಟಿದ ವಸ್ತುವಾಗಿ ಅಲ್ಲ.

ಈ ಅನುವಾದ ಹುಟ್ಟಿದ ಬಗೆಯನ್ನು ಮುನ್ನುಡಿಯೇ ಹೇಳುತ್ತದೆ. ನನ್ನ ವಾದವೆಲ್ಲ ಆ ಕೆಲವು ಸಾಲುಗಳ ಮೇಲೆ ನಿಂತಿದೆ. ಮೊದಲಿಗೆ ಅವರು ಬಕರಾ ಮತ್ತು ಆಲೆ ಇಮ್ರಾನ್ ಎಂಬ ಎರಡು ದೀರ್ಘ ಅಧ್ಯಾಯಗಳನ್ನಷ್ಟೇ ಅನುವಾದಿಸಿದರು. ಆಮೇಲೆ ಮಕ್ಕಾ ಮದೀನಾಗಳ ಯಾತ್ರೆ ಒದಗಿ (ಅವರು ಹೊರಟದ್ದು 1731ರಲ್ಲಿ) ಕೆಲಸ ನಿಂತಿತು. ಹಿಂತಿರುಗಿ ಕೆಲವು ವರ್ಷಗಳಾದ ಮೇಲೆ ಆಪ್ತರೊಬ್ಬರು ಅವರ ಬಳಿ ಕುರ್‌ಆನನ್ನು ಅರ್ಥಸಹಿತ ಓದತೊಡಗಿದರು. ಅದರಿಂದ ಹಳೆಯ ಆಸೆ ಚಿಗುರಿತು. ದಿನಕ್ಕೆ ಎಷ್ಟು ಪಾಠವಾಯಿತೋ ಅಷ್ಟರ ಅನುವಾದವನ್ನು ಬರೆದಿಡುವುದೆಂದು ನಿಶ್ಚಯವಾಯಿತು. ಮೂರನೇ ಒಂದು ಭಾಗ ಮುಗಿಯುವಷ್ಟರಲ್ಲಿ ಆ ಶಿಷ್ಯರು ಪರಊರಿಗೆ ಹೋಗಬೇಕಾಗಿ ಬಂತು, ಬರವಣಿಗೆಯೂ ಅಲ್ಲಿಗೇ ನಿಂತಿತು. ಮತ್ತೊಮ್ಮೆ ಸಂದರ್ಭ ಕೂಡಿಬಂದಾಗ ಮುಂದುವರಿಯಿತು. ಹಿಜರಿ 1151ರ ರಮಝಾನಿನಲ್ಲಿ, ಅಂದರೆ 1738ರ ಕೊನೆಯ ವೇಳೆಗೆ, ಶುದ್ಧಪ್ರತಿ ಸಿದ್ಧವಾಯಿತು. ಹಿಜರಿ 1156ರಲ್ಲಿ (1743) ಖ್ವಾಜಾ ಮುಹಮ್ಮದ್ ಅಮೀನರ ಒತ್ತಾಸೆಯಿಂದ ಅದು ಪಾಠಕ್ಕೆ ಬಂದು ಪ್ರತಿಗಳಾಗಿ ಹರಡಿತು.

ವಲಿಯುಲ್ಲಾಹರ ಚರಿತ್ರಕಾರರು ಈ ಸಾಲುಗಳನ್ನು ಸ್ವಾರಸ್ಯದ ಸಂಗತಿಯೆಂದು ಕಂಡು ದಾಟಿಬಿಟ್ಟಿದ್ದಾರೆ. ನನಗೆ ಇವೇ ಪ್ರಮಾಣ. ಶಿಷ್ಯ ಊರು ಬಿಟ್ಟಾಗ ಲೇಖನಿ ನಿಂತಿತು ಎಂದರೆ ಬರವಣಿಗೆ ಪಾಠವನ್ನು ಹಿಂಬಾಲಿಸುತ್ತಿತ್ತು ಎಂದರ್ಥ. ವಾಕ್ಯಗಳ ಉದ್ದಳತೆ, ಮೂಲದ ಪಕ್ಕದಲ್ಲೇ ಸಾಗುವ ಪದಗಳ ಜೋಡಣೆ, ಅಲ್ಲಲ್ಲಿ ಮಾತ್ರ ಬರುವ ಚುಟುಕು ಟಿಪ್ಪಣಿ, ಇವೆಲ್ಲ ಎದುರಿಗೆ ಕುಳಿತ ಕಲಿಯುವವನ ಅಗತ್ಯಕ್ಕೆ ತಕ್ಕಂತೆ ರೂಪುಗೊಂಡಿವೆ. ಪದಕ್ಕೆ ಪದ ಇಡುವ ಪದ್ಧತಿಯಲ್ಲೂ ಬರೀ ಭಾವಾರ್ಥ ಹೇಳುವ ಪದ್ಧತಿಯಲ್ಲೂ ಕೊರತೆ ಕಂಡು ಎರಡನ್ನೂ ಬೆಸೆಯಲು ಯತ್ನಿಸಿದೆ ಎಂದು ಅವರು ಅನುವಾದದ ನಿಯಮಗಳನ್ನು ಕುರಿತ ತಮ್ಮ ಕಿರುಬರಹದಲ್ಲಿ ಹೇಳುತ್ತಾರೆ. ಈ ಬೆಸುಗೆಯಲ್ಲಿ ಸಾಹಿತಿಯ ಗೀಳನ್ನು ಹುಡುಕುವವರಿದ್ದಾರೆ. ಮೂಲದ ಮೇಲೆ ಬೆರಳಿಟ್ಟು ಓದುತ್ತಿರುವ ಹುಡುಗನಿಗೆ ಬೆರಳು ಕದಲಿಸದೆ ಅರ್ಥ ಸಿಕ್ಕಬೇಕು ಎಂಬ ಪಾಠದ ಅಗತ್ಯ ಅದು.

ಕೃತಿ ಹುಟ್ಟಿದ ಸಂದರ್ಭವೇ ಬೇರೆ, ಅದರ ಉದ್ದೇಶವೇ ಬೇರೆ ಎಂಬ ಆಕ್ಷೇಪ ಬರಬಹುದು, ಬಂದೂ ಇದೆ. ಪಾಠದಲ್ಲಿ ಹುಟ್ಟಿದ್ದು ಮುಂದೆ ಎಲ್ಲರ ಕೈಗೆ ಹೋಗಲೆಂದೇ ಬರೆದದ್ದಾಗಿರಬಹುದಲ್ಲ? ಆದರೆ ಯಾರ ಕೈಗೆ, ಯಾವಾಗ, ಯಾವುದರ ನಂತರ ಎಂಬುದನ್ನೂ ಮುನ್ನುಡಿ ಬಿಡಿಸಿಯೇ ಹೇಳಿದೆ. ಮಗು ಮೊದಲು ಕುರ್‌ಆನಿನ ಮೂಲಪಾಠ ಮುಗಿಸಬೇಕು. ಆಮೇಲೆ ಫಾರಸಿ ಸಲೀಸಾಗಿ ಅರ್ಥವಾಗಲೆಂದು ಕೆಲವು ಸಣ್ಣ ಫಾರಸಿ ಪುಸ್ತಕ ಓದಬೇಕು. ಆ ಬಳಿಕ ಈ ಅನುವಾದ. ಇಲ್ಲಿ ಕುಶಲಕರ್ಮಿಗಳ ಮಕ್ಕಳನ್ನೂ ಸಿಪಾಯಿಗಳ ಮಕ್ಕಳನ್ನೂ ಅವರು ಬೇರೆಯಾಗಿಯೇ ಹೆಸರಿಸುತ್ತಾರೆ. ಅರಬಿ ವಿದ್ಯೆಗಳನ್ನು ಪೂರ್ತಿ ಮುಗಿಸುವ ಆಸೆ ಈ ಮಕ್ಕಳಿಗಿಲ್ಲ. ಆದ್ದರಿಂದ ವಿವೇಕ ಮೂಡುವ ವಯಸ್ಸಿನ ಹೊಸ್ತಿಲಲ್ಲೇ ಇದನ್ನು ಕಲಿಸಬೇಕು, ಅವರ ಅಂತರಂಗಕ್ಕೆ ಮೊದಲು ಇಳಿಯುವುದು ದೇವರ ಗ್ರಂಥದ ಅರ್ಥವಾಗಬೇಕು ಎಂಬುದು ಅವರ ಕಾಳಜಿ.

ಈ ಸಿಪಾಯಿ ಮಕ್ಕಳ ಮಾತು ಎಷ್ಟೋ ಊಹೆಗಳಿಗೆ ದಾರಿಮಾಡಿಕೊಟ್ಟಿದೆ. ನಾದಿರ್ ಶಾಹನ ದಾಳಿಯಲ್ಲಿ ನಲುಗಿದ ದೆಹಲಿಗೆ ಧೈರ್ಯ ತುಂಬಲು ಅನುವಾದ ಬಂತು ಎಂಬ ವಿವರಣೆ ಜನಪ್ರಿಯ. ತಾರೀಖು ನೋಡಿದರೆ ಸಾಕು: ಕರ್ನಾಲ್ ಕಾಳಗ ನಡೆದದ್ದು 1739ರ ಫೆಬ್ರವರಿಯಲ್ಲಿ, ದೆಹಲಿಯ ಕಗ್ಗೊಲೆ ಮಾರ್ಚಿನಲ್ಲಿ. ಅಷ್ಟರೊಳಗೆ ಶುದ್ಧಪ್ರತಿ ಮುಗಿದಿತ್ತು. ವಲಿಯುಲ್ಲಾಹರಲ್ಲಿ ದುಡಿಯುವ ವರ್ಗದ ವಕೀಲನನ್ನು ಕಾಣುವ ಇನ್ನೊಂದು ಓದೂ ಇದೆ. ಮುನ್ನುಡಿ ಕೊಡುವ ಕಾರಣ ವರ್ಗದ್ದಲ್ಲ, ಬಿಡುವಿನದು. ಮಗ್ಗಕ್ಕೋ ಪಡೆಗೋ ಹನ್ನೆರಡು ಹದಿನಾಲ್ಕಕ್ಕೇ ಹೋಗಬೇಕಾದ ಹುಡುಗನಿಗೆ ವ್ಯಾಕರಣ, ತರ್ಕ, ಅಲಂಕಾರಗಳ ಮೆಟ್ಟಿಲುಗಳನ್ನೆಲ್ಲ ಹತ್ತುವಷ್ಟು ಕಾಲವಿಲ್ಲ. ಆ ಮೆಟ್ಟಿಲುಗಳ ತುದಿಯಲ್ಲಿ ಅರ್ಥವನ್ನು ಇಟ್ಟರೆ ಅವನ ಪಾಲಿಗೆ ಅದು ಎಂದೂ ಬಾರದು. ಹಾಗೆಂದು ಅವನೇನೂ ಏನೂ ಓದದವನಲ್ಲ: ಮಕ್ತಬಿನಲ್ಲಿ, ಅಂದರೆ ಮಕ್ಕಳ ಪಾಠಶಾಲೆಯಲ್ಲಿ, ಕೂತಿದ್ದಾನೆ, ಫಾರಸಿ ಓದಬಲ್ಲ. 1738ರ ದೆಹಲಿಯ ಬೀದಿಯ ಮಾತು ಫಾರಸಿಯಾಗಿರಲಿಲ್ಲ ಎಂಬುದನ್ನು ‘ಜನಸಾಮಾನ್ಯರ ಅನುವಾದ’ ಎಂದು ಕೊಂಡಾಡುವವರು ಮರೆಯಬಾರದು.

ಇದೇ ಜಾಗದಲ್ಲಿ ಇನ್ನೊಂದು ವಾಕ್ಯವಿದೆ. ಮುನ್ನುಡಿಯನ್ನು ಉದಾರತೆಯ ದಾಖಲೆಯಾಗಿ ಉದ್ಧರಿಸುವವರು ಅದನ್ನು ಬಿಟ್ಟುಬಿಡುವುದುಂಟು. ಅರ್ಥವನ್ನು ಮೊದಲೇ ತುಂಬುವುದರಿಂದ ಆಗುವ ಪ್ರಯೋಜನಗಳಲ್ಲಿ, ಸೂಫಿ ವೇಷ ತೊಟ್ಟ ನಾಸ್ತಿಕರ ಮಾತು, ಅರೆಬೆಂದ ತಾರ್ಕಿಕರ ಮಾತು, ಹಿಂದೂಗಳ ಮಾತು ಎಳೆಯ ಮನಸ್ಸನ್ನು ಕೆಡಿಸದಂತೆ ಕಾಯುವುದೂ ಒಂದು ಎನ್ನುತ್ತಾರೆ ವಲಿಯುಲ್ಲಾಹ್. ಇದನ್ನು ಮುಚ್ಚಿಡುವುದು ಅವರಿಗೆ ಗೌರವ ತರುವ ಕೆಲಸವಲ್ಲ. ಅವರ ಯೋಜನೆಯಲ್ಲಿ ಅರ್ಥವು ಬಾಗಿಲೂ ಹೌದು, ಬೇಲಿಯೂ ಹೌದು. ಹೊಸಬನು ತನ್ನಷ್ಟಕ್ಕೆ ಓದಿ ತನಗೆ ತೋಚಿದ್ದನ್ನು ಕಂಡುಕೊಳ್ಳಲಿ ಎಂಬ ಆಸೆ ಇರುವವನು ಬೇಲಿಯ ಮಾತು ಆಡುವುದಿಲ್ಲ. ಲೂಥರ್ ಹೋಲಿಕೆಗೆ ಅಡ್ಡ ಬರುವ ಸಾಲು ಇದು, ಆದ್ದರಿಂದಲೇ ಅದು ಕಾಣೆಯಾಗುತ್ತ ಬಂದಿದೆ.

ವಯಸ್ಕರ ವಿಷಯ ಬೇರೆ. ಜನ ವೃತ್ತವಾಗಿ ಕುಳಿತು ರೂಮಿಯ ಮಸ್ನವಿ, ಸಾದಿಯ ಗುಲಿಸ್ತಾನ್, ಅತ್ತಾರನ ಮಂತಿಕುತ್ತೈರ್, ಜಾಮಿಯ ನಫಹಾತ್ ಓದಿಸಿ ಕೇಳುತ್ತಾರಲ್ಲ, ಹಾಗೆಯೇ ಇದನ್ನೂ ಇಟ್ಟುಕೊಂಡು ಕೂರಲಿ ಎನ್ನುತ್ತದೆ ಮುನ್ನುಡಿ. ವಲಿಯುಲ್ಲಾಹ್ ಕಾವ್ಯವನ್ನೂ ಸೂಫಿ ಸಾಹಿತ್ಯವನ್ನೂ ಇಲ್ಲಿ ತಳ್ಳಿಹಾಕಿದರು ಎಂದು ವಾದಿಸುವವರಿದ್ದಾರೆ. ಅದು ನಿಲ್ಲದ ವಾದ. ಅವರು ಸ್ವತಃ ಸೂಫಿ ಪರಂಪರೆಗಳಲ್ಲಿ ದೀಕ್ಷೆ ಪಡೆದವರು, ಆ ಮಾರ್ಗದ ಬಗ್ಗೆ ಗ್ರಂಥಗಳನ್ನೇ ಬರೆದವರು. ಇಲ್ಲಿ ಅವರು ಮಾಡುತ್ತಿರುವುದು ಮೇಲು ಕೀಳಿನ ತೂಕವಲ್ಲ ಎಂದು ನಾನು ಹೇಳಲಾರೆ. ಅವು ದೇವರ ಆಪ್ತರ ಮಾತು, ಇದು ದೇವರದೇ ಮಾತು ಎಂಬ ಭೇದವನ್ನು ಅವರು ಖಂಡಿತ ಎತ್ತಿ ತೋರುತ್ತಾರೆ. ಆದರೆ ನನಗೆ ಮುಖ್ಯವಾಗಿ ಕಾಣುವುದು ಅವರು ಕೈಗೆತ್ತಿಕೊಂಡ ಮಾದರಿ: ಒಬ್ಬ ಓದುತ್ತಾನೆ, ಉಳಿದವರು ಕೇಳುತ್ತಾರೆ. ಇಡೀ ಮುನ್ನುಡಿಯಲ್ಲಿ ಒಂಟಿಯಾಗಿ ಪುಸ್ತಕ ಹಿಡಿದು ಕೂತವನ ಚಿತ್ರ ಮುಖ್ಯವಾಗಿಲ್ಲ. ಮಕ್ಕಳಿಗೆ ಮಕ್ತಬ್, ದೊಡ್ಡವರಿಗೆ ಕೂಟ.

ಹಾಗಾದರೆ ವಲಿಯುಲ್ಲಾಹರಲ್ಲಿ ಹೊಸತೇನೂ ಇಲ್ಲವೆ? ಇದೆ, ಮತ್ತು ಅದು ಅನುವಾದ ಮಾಡಿದ್ದರಲ್ಲಿ ಅಲ್ಲ, ಪಾಠಕ್ರಮದಲ್ಲಿ ಅದಕ್ಕೆ ಕೊಟ್ಟ ಸ್ಥಾನದಲ್ಲಿ. ಅವರ ವಸಿಯ್ಯತ್‌ನಾಮೆಯಲ್ಲಿ ಕಲಿಸುವವರಿಗೆ ಒಂದು ಸೂಚನೆ ಇದೆ: ಮೊದಲು ತಫ್ಸೀರ್ ಬೇಡ, ಬರೀ ಕುರ್‌ಆನನ್ನು ಅನುವಾದದೊಡನೆ ಓದಿಸಿ; ವ್ಯಾಕರಣದಲ್ಲೋ ಅವತರಣದ ಸಂದರ್ಭದಲ್ಲೋ ತೊಡಕು ಎದುರಾದ ಕಡೆ ಮಾತ್ರ ನಿಂತು ಚರ್ಚಿಸಿ; ಆ ದಿನದ ಪಾಠ ಮುಗಿದ ಮೇಲೆ ಅಷ್ಟೇ ಭಾಗಕ್ಕೆ ‘ಜಲಾಲೈನ್’ ಎಂಬ ಚುಟುಕು ತಫ್ಸೀರ್ ತೋರಿಸಿ. ವ್ಯಾಖ್ಯಾನ ಹಿಂದೆ ಸರಿದು ಮೂಲ ಮುಂದೆ ಬರುವ ಈ ಅನುಕ್ರಮಕ್ಕೆ ‘ಅಲ್ ಫೌಝುಲ್ ಕಬೀರ್’ ಎಂಬ ಅವರ ಇನ್ನೊಂದು ಫಾರಸಿ ಕೃತಿ ಬುನಾದಿ. ಪ್ರತಿ ವಚನದ ಹಿಂದೆಯೂ ಒಂದು ಘಟನೆಯನ್ನು ಹುಡುಕುವ ಹಟ ಬೇಡ, ಇಬ್ನ್ ಇಸ್‌ಹಾಕ್, ವಾಕಿದಿ, ಕಲ್ಬಿ ಮುಂತಾದವರು ತಂದ ಕಥೆಗಳ ಬಹುಪಾಲು ಹದೀಸ್ ಪಂಡಿತರ ಒರೆಗೆ ನಿಲ್ಲುವುದಿಲ್ಲ, ಅವಿಲ್ಲದೆ ಅರ್ಥವೇ ಆಗದು ಎಂದುಕೊಳ್ಳುವುದು ತಪ್ಪು ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ. ನಂತರದ ವಚನಗಳಿಂದ ವಿಧಿ ರದ್ದಾದ ವಚನಗಳೆಂದು ಹಿಂದಿನ ವಿದ್ವಾಂಸ ಸುಯೂತಿ ಇಪ್ಪತ್ತರಷ್ಟನ್ನು ಉಳಿಸಿಕೊಂಡಿದ್ದರು. ವಲಿಯುಲ್ಲಾಹ್ ಅವನ್ನು ಒಂದೊಂದಾಗಿ ಪರಿಶೀಲಿಸಿ 5ಕ್ಕೆ ಇಳಿಸಿದರು. ಈ ಇಳಿಕೆಯನ್ನು ಶರೀಅತ್ ಚರ್ಚೆಯ ಒಂದು ಅಧ್ಯಾಯವಾಗಿಯಷ್ಟೇ ನೋಡುವುದು ವಾಡಿಕೆ. ಕಲಿಯುವವನ ಕಡೆಯಿಂದ ನೋಡಿದರೆ ಇವೆಲ್ಲ ಒಂದೇ ಕೆಲಸದ ಭಾಗಗಳು: ಹೊಸಬ ಹೊರಬೇಕಾದ ಹೊರೆಯನ್ನು ಮೊದಲ ದಿನವೇ ಹಗುರ ಮಾಡುವುದು.

ಈ ಕ್ರಮ ಅವರಿಗೆ ಬಂದದ್ದು ಮನೆಯಿಂದಲೇ ಎಂಬುದಕ್ಕೆ ಅವರ ಕಿರು ಆತ್ಮಕಥನ ‘ಅಲ್ ಜುಝ್ ಉಲ್ ಲತೀಫ್’ ಸಾಕ್ಷಿ. ತಂದೆ ಶಾಹ್ ಅಬ್ದುರ್ರಹೀಮರ ಮದ್ರಸಾದಲ್ಲಿ ಕುರ್‌ಆನನ್ನು ಅರ್ಥದ ಮೇಲೆ ಮನಸ್ಸಿಟ್ಟು, ಸಂದರ್ಭ ವಿಚಾರಿಸುತ್ತ, ತಫ್ಸೀರ್‌ಗಳನ್ನು ತಿರುವಿ ನೋಡುತ್ತ ಹಲವು ಸಲ ಕೇಳುವ ಭಾಗ್ಯ ಸಿಕ್ಕಿತು, ತನಗೆ ದೊಡ್ಡ ಬಾಗಿಲು ತೆರೆದದ್ದು ಅಲ್ಲೇ ಎಂದು ಅವರು ಬರೆದಿದ್ದಾರೆ. ಅಬ್ದುರ್ರಹೀಮರು ತೀರಿಕೊಂಡದ್ದು 1719ರಲ್ಲಿ. ಮಗನಿಗೆ ಆಗ ಹದಿನೇಳರ ಹತ್ತಿರದ ವಯಸ್ಸು. ಹೆಜಾಝಿನಿಂದ ಹೊತ್ತು ತಂದ ಸುಧಾರಣೆ ಇದು ಎಂಬ ವಾದಕ್ಕೆ ಈ ಒಂದು ಸಾಲು ಸಾಕಷ್ಟು ಉತ್ತರ. ಯಾತ್ರೆಗೆ ಮೊದಲೇ ಎರಡು ದೀರ್ಘ ಅಧ್ಯಾಯಗಳ ಅನುವಾದ ಆಗಿತ್ತು ಎಂಬುದನ್ನೂ ಅದರ ಪಕ್ಕಕ್ಕಿಡಬಹುದು.

ನನ್ನ ಓದನ್ನು ಗಟ್ಟಿ ಮಾಡುವ ಕೊನೆಯ ಸಾಕ್ಷಿ ಮಗ ಶಾಹ್ ಅಬ್ದುಲ್ ಕಾದಿರ್. 1790ರಲ್ಲಿ ಮುಗಿದ ‘ಮೂಝಿಹೆ ಕುರ್‌ಆನ್’ ಎಂಬ ತಮ್ಮ ಉರ್ದು ಅನುವಾದದ ಮುನ್ನುಡಿಯಲ್ಲಿ ಅವರು, ತಂದೆ ಫಾರಸಿಯಲ್ಲಿ ಮಾಡಿದ್ದನ್ನು ಈಗ ಹಿಂದಿಯಲ್ಲಿ (ಇಂದು ನಾವು ಉರ್ದು ಎನ್ನುವ ನುಡಿಗೆ ಅಂದಿನ ಹೆಸರು) ಮಾಡುತ್ತಿದ್ದೇನೆ, ಅದೂ ರೇಖ್ತಾ ಎಂಬ ಸಾಹಿತ್ಯಕ ಶೈಲಿಯ ಬಿಗಿಯಲ್ಲಲ್ಲ, ಜನ ಆಡುವ ಮಾತಿನಲ್ಲಿ ಎನ್ನುತ್ತಾರೆ. ಲೂಥರ್ ಹೋಲಿಕೆಯ ಪಕ್ಷದವರು ಇಲ್ಲಿಗೆ ಪುಸ್ತಕ ಮುಚ್ಚುತ್ತಾರೆ. ಆದರೆ ಅಬ್ದುಲ್ ಕಾದಿರ್ ಮುಂದುವರಿದು, ಅರ್ಥ ಈಗ ಸುಲಭವಾಯಿತಾದರೂ ಉಸ್ತಾದರ ಬಳಿ ಕಲಿಯುವುದು ತಪ್ಪದು ಎಂದು ಕಾರಣ ಕೊಡುತ್ತಾರೆ. ಗುರುವಿನ ಆಧಾರವಿಲ್ಲದ ಅರ್ಥಕ್ಕೆ ಮಾನ್ಯತೆ ಇಲ್ಲ. ಹಿಂದಿನ ಮಾತಿಗೂ ಮುಂದಿನ ಮಾತಿಗೂ ಇರುವ ಕೊಂಡಿ ಉಸ್ತಾದರಿಲ್ಲದೆ ಹಿಡಿತಕ್ಕೆ ಬರುವುದಿಲ್ಲ. ಗ್ರಂಥ ಅರಬಿಯಲ್ಲೇ ಇದ್ದರೂ ಅರಬರಿಗೂ ಗುರು ಬೇಕಾಗಿದ್ದರು. ತಂದೆಯ ಪಾಠ ಕೇಳಿಯೋ ತಂದೆಯ ಶಿಷ್ಯರಿಂದ ಕಲಿತೋ ಬೆಳೆದ ಮಗ ತಂದೆಯ ಉದ್ದೇಶವನ್ನು ಹೀಗೆ ತಿಳಿದಿದ್ದರು. ಎರಡು ಶತಮಾನ ಕಳೆದ ಮೇಲೆ ಯುರೋಪಿನ ಒಂದು ಹೋಲಿಕೆಯನ್ನು ಹೊತ್ತು ತಂದು ಅವರಿಗಿಂತ ನಮಗೇ ಹೆಚ್ಚು ಗೊತ್ತು ಎನ್ನುವುದು ನನಗೆ ಸಾಧ್ಯವಿಲ್ಲ.

ಕರ್ನಾಟಕದ ಮಕ್ತಬುಗಳಲ್ಲಿ ಇಂದಿಗೂ ಮಗು ‘ಕಾಯಿದಾ’ ಎಂಬ ಅಕ್ಷರಮಾಲೆಯ ಪುಸ್ತಕದಿಂದ ಅಕ್ಷರ ಕೂಡಿಸಿ, ಕುರ್‌ಆನಿನ ಕೊನೆಯ ಭಾಗವಾದ ಅಮ್ಮ ಜುಝ್ ಮುಟ್ಟಿ, ಕುರ್‌ಆನಿನ ಪಾರಾಯಣ ಮುಗಿಸುತ್ತದೆ. ಅರ್ಥದ ಓದು ಬಹಳ ಕಡೆ ಆಮೇಲಿನ, ಮನಸ್ಸಿದ್ದರೆ ಆಗುವ ಸಂಗತಿ. ಪಾರಾಯಣ ಮೊದಲು ಎಂಬಲ್ಲಿ ಈ ಪದ್ಧತಿಗೂ ವಲಿಯುಲ್ಲಾಹರ ಪದ್ಧತಿಗೂ ಜಗಳವಿಲ್ಲ. ವ್ಯತ್ಯಾಸ ಇರುವುದು ಎರಡನೆಯ ಹೆಜ್ಜೆಯಲ್ಲಿ: ಅವರಲ್ಲಿ ಅದು ಅದೇ ಮಕ್ತಬಿನಲ್ಲಿ, ಅದೇ ಮೇಷ್ಟರ ಮುಂದೆ, ಹುಡುಗ ಕಸುಬಿಗೆ ಹೋಗುವ ಮುಂಚೆಯೇ ಆಗಬೇಕಾದ ಪಾಠ. ಕನ್ನಡದಲ್ಲಿ ಇಂದು ಕುರ್‌ಆನಿನ ಒಂದಕ್ಕಿಂತ ಹೆಚ್ಚು ಅನುವಾದಗಳಿವೆ. ಅವುಗಳ ಬಗ್ಗೆ ಬರೆಯುವಾಗ ವಲಿಯುಲ್ಲಾಹರ ಹೆಸರೆತ್ತುವವರು ಅನುವಾದದ ಜೊತೆ ಅವರು ಕಟ್ಟಿಕೊಟ್ಟ ಪಾಠಕ್ರಮವನ್ನೂ ಹೇಳಬೇಕು. ಇಲ್ಲವಾದರೆ ಆ ಹೆಸರನ್ನು ಬಿಟ್ಟೇ ತಮ್ಮ ವಾದ ಮಂಡಿಸಬೇಕು.